ಆರಾಮ ಆಗೇತಿ, ಗುಳಿಗಿ ಬಿಡಲೇನ್ರಿ?

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ ಬಂದಿವೆ: ಖಿನ್ನತೆಗೆ, ಗಾಬರಿಗೆ ಕೊಡುವ ಗುಳಿಗೆ. ಶುರು ಮಾಡಬೇಕಾ ಅಂತ ಕೇಳಿದವರು ಕಡಿಮೆ. ಯಾವಾಗ ಬಿಡಬಹುದು, ಬಿಟ್ಟರೆ ಏನಾಗುತ್ತದೆ, ಬಿಡು ಅಂತ ಮನೆಯವರು ಜೀವ ತಿನ್ನುತ್ತಿದ್ದಾರೆ ಏನು ಮಾಡಲಿ ಅನ್ನುವವರೇ ಹೆಚ್ಚು. ಧಾರವಾಡದ ನನ್ನ ಕ್ಲಿನಿಕ್ಕಿನಲ್ಲೂ ದಿನಾ ಇದೇ ಮಾತು. ಗುಳಿಗೆ ಬರೆದುಕೊಡಲು ಐದು ನಿಮಿಷ ಸಾಕು. ಅದನ್ನು ಬಿಡಿಸುವ ಹೊತ್ತಿಗೆ ಡಾಕ್ಟರ್ ಒಂದು ಕಡೆ, ರೋಗಿ ಒಂದು ಕಡೆ, ಮನೆ ಮಂದಿಯೆಲ್ಲಾ ಇನ್ನೊಂದು ಕಡೆ ಎಳೆಯುತ್ತಿರುತ್ತಾರೆ. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳಿಗೆ ರಜೆ. ಪತ್ರ ಬರೆದವರ ಊರು ಬಿಟ್ಟು ಬೇರೆ ಗುರುತು ಹಾಕಿಲ್ಲ.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಟೀಚರ್, ವಯಸ್ಸು 46. ಹೋದ ವರ್ಷ ಯಾವುದರಲ್ಲೂ ಮನಸ್ಸಿರಲಿಲ್ಲ. ನಸುಕಿನ ಮೂರಕ್ಕೆ ಎಚ್ಚರ, ರೊಟ್ಟಿ ಬಡಿಯಲೂ ಕೈ ಏಳುತ್ತಿರಲಿಲ್ಲ. ಡಾಕ್ಟರ್ ಪರಾಕ್ಸೆಟಿನ್ ಕೊಟ್ಟರು. ಎರಡು ತಿಂಗಳಲ್ಲಿ ಮೊದಲಿನ ಹಾಗಾದೆ. ಐದನೇ ತಿಂಗಳಿಗೆ ಮಗಳ ಮದುವೆ ಬಂತು. ಬೀಗರ ಮುಂದೆ ಗುಳಿಗೆ ನುಂಗುವುದು ಬೇಡ ಅಂತ ನಿಲ್ಲಿಸಿಬಿಟ್ಟೆ. ಮೂರು ದಿನಕ್ಕೆ ತಲೆ ಸುತ್ತು, ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಸುಮ್ಮಸುಮ್ಮನೆ ಅಳು. ‘ನಿನಗ ಚಟಾ ಹತ್ತೇತಿ’ ಅಂತಾನೆ ತಮ್ಮ. ಹೌದಾ ಮೇಡಂ?
ನವನಗರ, ಹುಬ್ಬಳ್ಳಿ

ಉತ್ತರ: ಟೀಚರೇ, ಚಟ ಹತ್ತಿಲ್ಲ. ಚಟ ಅಂದರೆ ಏನು ಅಂತ ನಿಮ್ಮ ತಮ್ಮನನ್ನೇ ಕೇಳಿ ನೋಡಿ. ಬೇಕು ಬೇಕು ಅನ್ನಿಸಬೇಕು. ದಿನದಿಂದ ದಿನಕ್ಕೆ ಪ್ರಮಾಣ ಏರುತ್ತಾ ಹೋಗಬೇಕು. ಅದಕ್ಕಾಗಿ ಮನೆ, ಕೆಲಸ ಎಲ್ಲಾ ಬದಿಗಿಡಬೇಕು. ಪರಾಕ್ಸೆಟಿನ್ ಸಿಗಲಿಲ್ಲ ಅಂತ ಯಾರೂ ಮೆಡಿಕಲ್ ಶಾಪಿನ ಮುಂದೆ ಕೈ ನಡುಗಿಸುತ್ತಾ ನಿಂತಿದ್ದನ್ನು ನಾನು ನೋಡಿಲ್ಲ. ನೀವಂತೂ ಬೀಗರು ಬಂದರು ಅಂತ ಒಂದೇ ಏಟಿಗೆ ಬಿಟ್ಟವರು!

ಆದರೆ ಶರೀರ ಆ ಗುಳಿಗೆಗೆ ಹೊಂದಿಕೊಂಡಿತ್ತು, ಅದು ನಿಜ. ತಿಂಗಳುಗಟ್ಟಲೆ ಇದ್ದದ್ದು ಒಮ್ಮೆಲೇ ಇಲ್ಲವಾದರೆ ನರಮಂಡಲ ತಕರಾರು ತೆಗೆಯುತ್ತದೆ. ತಲೆಸುತ್ತು, ಕರೆಂಟ್ ಹೊಡೆದಂತಾಗುವುದು, ವಾಕರಿಕೆ, ಕೆಟ್ಟ ಕನಸು, ಸಿಟ್ಟು, ಅಳು ಎಲ್ಲಾ ಅದರದ್ದೇ. ಇದು ಯಾವ ಗುಳಿಗೆ ಅನ್ನುವುದರ ಮೇಲೂ ಇದೆ. ಪರಾಕ್ಸೆಟಿನ್ ಮತ್ತು ವೆನ್ಲಾಫ್ಯಾಕ್ಸಿನ್ ಮೈಯಿಂದ ಬೇಗ ಇಳಿದುಹೋಗುತ್ತವೆ, ಬಿಡುವಾಗ ಜಾಸ್ತಿ ಕಾಡುತ್ತವೆ. ಫ್ಲುಆಕ್ಸೆಟಿನ್ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ, ಹಾಗಾಗಿ ಅದರ ಕಾಟ ಕಡಿಮೆ.

‘ಹಳೇ ಬ್ಯಾನಿ ತಿರುಗಿ ಬಂತೇನು’ ಅನ್ನುವ ಹೆದರಿಕೆ ನಿಮಗೆ ಇದ್ದೇ ಇರುತ್ತದೆ. ಎರಡನ್ನೂ ಗುರುತಿಸಬಹುದು. ಗುಳಿಗೆ ಬಿಟ್ಟ ಕೆಲವೇ ದಿನದಲ್ಲಿ, ಮೊದಲು ಎಂದೂ ಇರದ ತಲೆಸುತ್ತು, ಕರೆಂಟು ಬಂದರೆ ಅದು ಒಮ್ಮೆಲೇ ಬಿಟ್ಟಿದ್ದರ ಫಲ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ಇಷ್ಟು ಅವಸರ ಮಾಡುವುದಿಲ್ಲ. ವಾರಗಳ ಮೇಲೆ ಮೆಲ್ಲಗೆ ಬರುತ್ತದೆ, ತನ್ನ ಹಳೇ ವೇಷದಲ್ಲೇ ಬರುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ನಸುಕಿನ ಮೂರರ ಎಚ್ಚರ ಮತ್ತು ರೊಟ್ಟಿ ಬಡಿಯಲಾರದ ಕೈ.

ಈಗ ಏನು ಮಾಡಬೇಕು? ನಿಮ್ಮ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ನಡೆದದ್ದನ್ನು ಇದ್ದ ಹಾಗೆ ಹೇಳಿ. ಅವರು ಬೈಯುವುದಿಲ್ಲ. ಬೈದರೂ ಒಂದು ನಿಮಿಷದ ಮಾತು. ಬಹುಶಃ ಹಳೇ ಪ್ರಮಾಣವನ್ನೇ ಮತ್ತೆ ಶುರು ಮಾಡಿಸುತ್ತಾರೆ, ಕೆಲವು ದಿನದಲ್ಲಿ ಇದೆಲ್ಲಾ ಇಳಿಯುತ್ತದೆ. ಆಮೇಲೆ ಬಿಡುವ ಲೆಕ್ಕ. ಮೊದಲ ಸಲದ ಖಿನ್ನತೆಗೆ, ಪೂರ್ತಿ ಆರಾಮ ಅನ್ನಿಸಿದ ದಿನದಿಂದ ಕಡಿಮೆ ಅಂದರೂ ಆರರಿಂದ ಒಂಬತ್ತು ತಿಂಗಳು ಗುಳಿಗೆ ನಡೆಯಬೇಕು. ಗುಳಿಗೆ ಶುರು ಮಾಡಿದ ದಿನದಿಂದಲ್ಲ, ಆರಾಮ ಆದ ದಿನದಿಂದ. ಇಲ್ಲೇ ಬಹಳ ಜನ ತಪ್ಪು ಲೆಕ್ಕ ಹಾಕುತ್ತಾರೆ. ನೀವು ಎರಡನೇ ತಿಂಗಳಿಗೆ ಸರಿಹೋದಿರಿ, ಐದನೇ ತಿಂಗಳಿಗೆ ಬಿಟ್ಟಿರಿ. ಅಂದರೆ ಮೂರೇ ತಿಂಗಳಾಯಿತು. ಎರಡನೇ, ಮೂರನೇ ಸಲ ಬಂದವರಿಗೆ ಎರಡು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಬಿಡುವಾಗ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಕೊನೆಯ ಮೆಟ್ಟಿಲುಗಳೇ ಸೂಕ್ಷ್ಮ, ಅಲ್ಲಿ ಅವಸರ ಬೇಡ.

ಬಿಟ್ಟರೆ ಮತ್ತೆ ಬರುತ್ತದಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. 2021ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಪ್ರಕಟವಾಯಿತು. ಬಹುಕಾಲದಿಂದ ಗುಳಿಗೆ ತಗೊಂಡು ಆರಾಮಾಗಿದ್ದವರನ್ನು ಎರಡು ಗುಂಪು ಮಾಡಿದರು. ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ನೂರಕ್ಕೆ 39 ಜನರಿಗೆ ಖಿನ್ನತೆ ಮರಳಿತು. ನಿಧಾನವಾಗಿ ಬಿಟ್ಟವರಲ್ಲಿ 56 ಜನರಿಗೆ. ಗುಳಿಗೆ ಕಾಯುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಬಿಟ್ಟವರಲ್ಲೂ 44 ಜನ ಆ ವರ್ಷ ಚೆನ್ನಾಗೇ ಇದ್ದರು ಅನ್ನುವುದೂ ಗೊತ್ತಾಗುತ್ತದೆ. ಹಾಗಾಗಿ ಜೀವನಪರ್ಯಂತ ನುಂಗಬೇಕು ಅನ್ನುವ ಮಾತನ್ನೂ ಒಪ್ಪಬೇಡಿ, ನಾಳೆಯೇ ಬಿಡು ಅನ್ನುವ ತಮ್ಮನ ಮಾತನ್ನೂ ಒಪ್ಪಬೇಡಿ. ಮದುವೆ, ವರ್ಗಾವಣೆ, ಮನೆ ಕಟ್ಟಿಸುವುದು ಇಂಥದ್ದೇನೂ ಇಲ್ಲದ ಸಮಯ ನೋಡಿ ಬಿಡಿ. ಬೀಗರ ವಿಷಯ: ಬೀಗತಿಯ ಪರ್ಸಿನಲ್ಲಿ ಏನೇನು ಗುಳಿಗೆ ಇವೆಯೋ ಯಾರಿಗೆ ಗೊತ್ತು.

ಪ್ರಶ್ನೆ: ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸೀಜನ್ ಜೋರಿದ್ದಾಗ ಒಮ್ಮೆಲೇ ಎದೆ ಹೊಡೆದುಕೊಂಡು, ಬೆವರಿ, ಇನ್ನೇನು ಸತ್ತೆ ಅನ್ನಿಸಿತು. ಇಸಿಜಿ, ಎಕೊ ಎಲ್ಲಾ ನಾರ್ಮಲ್. ಮತ್ತೆ ಮತ್ತೆ ಬಂತು. ನಮ್ಮ ಊರಿನ ಡಾಕ್ಟರ್ ಅಲ್ಪ್ರಜೋಲಮ್ ಕೊಟ್ಟರು, ಅರ್ಧ ತಾಸಿನಲ್ಲಿ ತಣ್ಣಗಾಗುತ್ತದೆ. ಈಗ ಮನೋವೈದ್ಯರು ಎಸಿಟಲೋಪ್ರಾಮ್ ಶುರು ಮಾಡಿದ್ದಾರೆ. ಹತ್ತು ದಿನ ಆಯಿತು, ಹೊಟ್ಟೆ ತೊಳಸುವುದು, ಕೈ ನಡುಕ ಬಿಟ್ಟರೆ ಏನೂ ಉಪಯೋಗ ಇಲ್ಲ. ಮೊದಲಿನದೇ ಸಾಕಲ್ವಾ?
ಬ್ಯಾಡಗಿ

ಉತ್ತರ: ನಿಮ್ಮ ಅನುಮಾನ ಸಹಜ. ಒಂದು ಗುಳಿಗೆ ಅರ್ಧ ತಾಸಿನಲ್ಲಿ ಕೆಲಸ ಮಾಡುತ್ತದೆ, ಇನ್ನೊಂದು ಹತ್ತು ದಿನ ಆದರೂ ಹೊಟ್ಟೆ ತೊಳಸುವುದು ಬಿಟ್ಟು ಏನೂ ಕೊಟ್ಟಿಲ್ಲ. ಲೆಕ್ಕ ಬರೆಯುವವರಿಗೆ ಇದು ನಷ್ಟದ ವ್ಯಾಪಾರವೇ ಅನ್ನಿಸಬೇಕು.

ಅಲ್ಪ್ರಜೋಲಮ್ ಗಾಬರಿಯನ್ನು ಆ ಹೊತ್ತಿಗೆ ಅದುಮಿಡುತ್ತದೆ, ಅಷ್ಟೇ. ಕೆಲವು ತಾಸಿಗೆ ಇಳಿಯುತ್ತದೆ, ಗಾಬರಿ ಅಲ್ಲೇ ಇರುತ್ತದೆ. ದಿನಾ ತಗೊಂಡರೆ ವಾರಗಳಲ್ಲೇ ಮೊದಲಿನ ಪ್ರಮಾಣ ಸಾಲುವುದಿಲ್ಲ. ನವನಗರದ ಟೀಚರಿಗೆ ಇಲ್ಲ ಅಂದೆನಲ್ಲ ಚಟ, ಅದರ ಭಯ ನಿಜವಾಗಿ ಇರುವುದು ಇದರಲ್ಲಿ. ಬಹಳ ದಿನ ತಗೊಂಡು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ. ತಮಾಷೆ ಅಂದರೆ ನಮ್ಮ ಜನ ಎಸಿಟಲೋಪ್ರಾಮ್‌ಗೆ ಹೆದರುತ್ತಾರೆ. ಅಲ್ಪ್ರಜೋಲಮನ್ನು ‘ಸಣ್ಣ ಗುಳಿಗಿ, ನಿದ್ದಿ ಗುಳಿಗಿ’ ಅಂತ ವರ್ಷಗಟ್ಟಲೆ ನುಂಗುತ್ತಾರೆ. ಹೆದರಬೇಕಾದದ್ದು ತಿರುವುಮುರುವಾಗಿದೆ.

ಎಸಿಟಲೋಪ್ರಾಮ್ ಗಾಬರಿ ಹುಟ್ಟುವುದನ್ನೇ ಕಡಿಮೆ ಮಾಡುವ ಔಷಧ. ಎರಡರಿಂದ ನಾಲ್ಕು ವಾರಕ್ಕೆ ಫಲ ಕಾಣಲು ಶುರುವಾಗುತ್ತದೆ, ಪೂರ್ತಿ ಗೊತ್ತಾಗಲು ಆರರಿಂದ ಎಂಟು ವಾರ, ಗಾಬರಿ ರೋಗದಲ್ಲಿ ಕೆಲವೊಮ್ಮೆ ಇನ್ನೂ ಜಾಸ್ತಿ. ಮೊದಲ ವಾರ ಹತ್ತು ದಿನ ನಡುಕ, ಚಡಪಡಿಕೆ ಹೆಚ್ಚಾಗುವುದು ಗಾಬರಿ ಇರುವವರಲ್ಲಿ ಮಾಮೂಲು. ಅದಕ್ಕೇ ನಾವು 5 ಮಿಲಿಗ್ರಾಮಿನಿಂದ ಶುರು ಮಾಡುತ್ತೇವೆ. ನಿಮ್ಮದು ಎಷ್ಟಿದೆ ಚೀಟಿ ನೋಡಿ, ಜಾಸ್ತಿ ಇದ್ದರೆ ಡಾಕ್ಟರನ್ನು ಕೇಳಿ. ಊಟ ಆದ ಮೇಲೆ ತಗೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ನಿದ್ದೆ ಕೆಡುತ್ತಿದ್ದರೆ ಬೆಳಗ್ಗೆ ತಗೊಳ್ಳಿ, ತೂಕಡಿಕೆ ಬಂದರೆ ರಾತ್ರಿ. ಈ ಮೊದಲ ವಾರಗಳನ್ನು ದಾಟಿಸಲು ಕೆಲವು ಡಾಕ್ಟರುಗಳು ಎರಡೂ ಗುಳಿಗೆ ಜೊತೆಗೆ ಕೊಟ್ಟು, ಆಮೇಲೆ ಅಲ್ಪ್ರಜೋಲಮ್ ಇಳಿಸುತ್ತಾ ನಿಲ್ಲಿಸುತ್ತಾರೆ. ನಿಮಗೂ ಹಾಗೇ ಮಾಡಬಹುದಾ ಅಂತ ಕೇಳಿ. ಅಲ್ಪ್ರಜೋಲಮ್ ತಗೊಂಡ ದಿನ ಸಾರಾಯಿ ಮುಟ್ಟಬೇಡಿ, ಗಾಡಿಯನ್ನೂ ಮುಟ್ಟಬೇಡಿ. ಮಾರ್ಕೆಟ್ಟಿನಲ್ಲಿ ಕೂತು ಗಳಿಗೆಗೊಮ್ಮೆ ಕುಡಿಯುವ ಚಹಾ ಕೂಡ ಎದೆ ಬಡಿತ ಏರಿಸುತ್ತದೆ, ಅದನ್ನೂ ಸ್ವಲ್ಪ ಎಣಿಸಿ ಕುಡಿಯಿರಿ.

ಪ್ರಶ್ನೆ: ಹೆರಿಗೆಯಾಗಿ ಮೂರು ತಿಂಗಳು. ಮಗುವನ್ನು ನೋಡಿದರೂ ಏನೂ ಅನ್ನಿಸುತ್ತಿರಲಿಲ್ಲ, ಬರೀ ಅಳು. ಡಾಕ್ಟರ್ ಸರ್ಟ್ರಾಲಿನ್ ಕೊಟ್ಟಿದ್ದಾರೆ, ಈಗ ಸ್ವಲ್ಪ ಹಗುರ ಆಗಿದೆ. ಅತ್ತೆಯವರು ‘ಹಾಲಿನ್ಯಾಗ ವಿಷಾ ಹೊಕ್ಕೈತಿ, ಇಲ್ಲಾ ಗುಳಿಗಿ ಬಿಡು, ಇಲ್ಲಾ ಹಾಲು ಬಿಡು’ ಅಂತಾರೆ.
ಬೆಟಗೇರಿ, ಗದಗ

ಉತ್ತರ: ತಂಗಿ, ಎರಡನ್ನೂ ಬಿಡಬೇಡ. ಹಾಲೂಡಿಸುವ ತಾಯಂದಿರಿಗೆ ಕೊಡುವ ಇಂಥ ಗುಳಿಗೆಗಳಲ್ಲಿ ಸರ್ಟ್ರಾಲಿನ್ ಮುಂಚೂಣಿಯಲ್ಲಿದೆ, ಯಾಕೆಂದರೆ ಹಾಲಿಗೆ ಇಳಿಯುವುದು ಬಹಳ ಕಡಿಮೆ. ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆಯಾ, ತೂಕ ಏರುತ್ತಿದೆಯಾ, ಹೊತ್ತಲ್ಲದ ಹೊತ್ತಿನಲ್ಲಿ ಮಂಕಾಗಿ ಮಲಗುತ್ತದೆಯಾ, ಇಷ್ಟು ನೋಡಿಕೊ. ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರಿಗೆ ಗುಳಿಗೆಯ ಹೆಸರು ಹೇಳು.

ಅತ್ತೆಯವರಿಗೆ ನಾನೇ ಒಂದು ಮಾತು ಹೇಳುತ್ತೇನೆ. ಅಮ್ಮಾ, ನಿಮ್ಮ ಕಾಳಜಿ ಮೊಮ್ಮಗುವಿನ ಮೇಲೆ, ಅದು ಗೊತ್ತಾಗುತ್ತದೆ. ಬಾಣಂತಿಯ ಖಿನ್ನತೆಗೆ ಔಷಧ ಕೊಡದೇ ಬಿಟ್ಟರೂ ಮಗುವಿಗೆ ತೊಂದರೆಯೇ, ಅದು ಹಾಲಿಗೆ ಇಳಿಯುವ ಆ ಚೂರು ಗುಳಿಗೆಗಿಂತ ದೊಡ್ಡದು. ನಿಮ್ಮಿಂದ ಆಗಬೇಕಾದದ್ದು ಬೇರೆ ಇದೆ. ರಾತ್ರಿ ಒಂದು ಪಾಳಿ ಮಗುವನ್ನು ನೀವು ನೋಡಿಕೊಂಡು ಸೊಸೆಗೆ ನಾಲ್ಕೈದು ತಾಸು ಒಂದೇ ಸಮ ನಿದ್ದೆ ಕೊಡಿಸಿ. ಅದೂ ಔಷಧವೇ.

ಒಂದು ಎಚ್ಚರಿಕೆ. ದಿನಗಟ್ಟಲೆ ನಿದ್ದೆಯೇ ಇಲ್ಲ, ತನ್ನಷ್ಟಕ್ಕೆ ಮಾತು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಮಗುವಿಗೋ ತನಗೋ ಏನಾದರೂ ಮಾಡಿಕೊಳ್ಳುವ ವಿಚಾರ, ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಅದು ಬೇರೆಯೇ ಕಾಯಿಲೆ. ಅದಕ್ಕೆ ಕಾಯುವ ಹಾಗಿಲ್ಲ.

ಪ್ರಶ್ನೆ: ಮೆದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕಡಿಮೆಯಾಗಿ ಖಿನ್ನತೆ ಬರುತ್ತದೆ ಅನ್ನುವುದೇ ಸುಳ್ಳು ಅಂತ ಓದಿದೆ. ಹಾಗಾದರೆ ನನ್ನ ಹೆಂಡತಿ ಎಸಿಟಲೋಪ್ರಾಮ್ ಯಾಕೆ ತಗೊಳ್ಳಬೇಕು? ಆಕೆಗೆ 71, ಬಿಪಿ ಗುಳಿಗೆಯೂ ಇದೆ. ನಿಲ್ಲಿಸೋಣ ಅಂತಿದ್ದೇನೆ.
ಮಾಳಮಡ್ಡಿ, ಧಾರವಾಡ

ಉತ್ತರ: ಮಾಳಮಡ್ಡಿಯ ಹಿರಿಯರು ಓದಿಯೇ ಪ್ರಶ್ನೆ ಕೇಳುತ್ತಾರೆ, ಅದಕ್ಕೇ ಉತ್ತರವೂ ಸ್ವಲ್ಪ ಉದ್ದ. ನೀವು ಓದಿದ್ದು 2022ರ ಒಂದು ಪರಾಮರ್ಶೆಯ ಸುದ್ದಿ ಇರಬೇಕು. ಖಿನ್ನತೆ ಇರುವವರಲ್ಲಿ ಸೆರೊಟೋನಿನ್ ಕಡಿಮೆ ಇರುತ್ತದೆ ಅನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಅಂತ ಅದು ಹೇಳಿತು. ನಮ್ಮಲ್ಲಿ ಬಹಳ ಜನರಿಗೆ ಆ ಹಳೇ ವಿವರಣೆ ಮೊದಲಿಂದಲೂ ಅಷ್ಟಕ್ಕಷ್ಟೇ. ಗುಳಿಗೆ ನುಂಗಿದ ಕೆಲವೇ ತಾಸಿಗೆ ನರಗಳ ನಡುವೆ ಸೆರೊಟೋನಿನ್ ಏರುತ್ತದೆ. ಮನಸ್ಸು ಏಳಲು ಮಾತ್ರ ವಾರಗಳು ಬೇಕು. ಬರೀ ಕೊರತೆ ತುಂಬುವ ಕೆಲಸವಾಗಿದ್ದರೆ ಇಷ್ಟು ದಿನ ಯಾಕೆ? ಪೇಷಂಟಿಗೆ ಬೇಗ ತಿಳಿಸಲು ಅನುಕೂಲ ಅಂತ ಡಾಕ್ಟರುಗಳೂ ಕಂಪನಿಗಳೂ ಆ ಮಾತನ್ನು ಎಳೆದುಕೊಂಡು ಬಂದರು.

ಆದರೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಒಂದು ಪ್ರಶ್ನೆ, ಮಾಡುತ್ತದೆಯಾ ಅನ್ನುವುದು ಇನ್ನೊಂದು. ಇವು ಸಿದ್ಧಾಂತದಿಂದ ಹುಟ್ಟಿದ ಔಷಧಗಳೇ ಅಲ್ಲ. 1950ರ ದಶಕದ ಶುರುವಿನಲ್ಲಿ ನ್ಯೂಯಾರ್ಕಿನ ಕ್ಷಯರೋಗಿಗಳಿಗೆ ಇಪ್ರೊನಿಯಾಜಿಡ್ ಅನ್ನುವ ಔಷಧ ಕೊಟ್ಟಾಗ ಅವರು ವಾರ್ಡಿನಲ್ಲಿ ಉತ್ಸಾಹದಿಂದ ಓಡಾಡತೊಡಗಿದರು. ಖಿನ್ನತೆಗೂ ಇದು ಆಗಬಹುದು ಅಂತ ಅದನ್ನು ನೋಡಿ ಹೊಳೆದದ್ದು. ಇಮಿಪ್ರಮಿನ್ ಕೂಡ ಬೇರೆ ಕಾಯಿಲೆಗೆ ಕೊಟ್ಟು ನೋಡಿದ ಔಷಧ. ಸ್ವಿಟ್ಜರ್ಲೆಂಡಿನ ರೊನಾಲ್ಡ್ ಕೂನ್ ಅನ್ನುವ ವೈದ್ಯರು ಅದು ಖಿನ್ನತೆಗೆ ಆಗುತ್ತದೆ ಅಂತ 1957ರಲ್ಲಿ ಬರೆದರು. 2018ರಲ್ಲಿ 21 ಔಷಧಗಳ 522 ಪ್ರಯೋಗಗಳನ್ನು, ಅಂದರೆ ಒಂದು ಲಕ್ಷ ಹದಿನಾರು ಸಾವಿರ ಜನರ ವಿವರಗಳನ್ನು, ಒಟ್ಟಿಗೆ ಇಟ್ಟು ನೋಡಿದಾಗ ಎಲ್ಲವೂ ಸುಳ್ಳು ಗುಳಿಗೆಗಿಂತ (ನೋಡಲು ಅದೇ ಥರ, ಒಳಗೆ ಔಷಧ ಇಲ್ಲ) ಮೇಲು ಅಂತ ಬಂತು. ಬಹಳ ಮೇಲು ಅಂತೇನಲ್ಲ, ಸರಾಸರಿ ನೋಡಿದರೆ ಸಾಧಾರಣ. ಯಾರೋ ಒಬ್ಬರಿಗೆ ಪೂರಾ ಗುಣ, ಇನ್ನೊಬ್ಬರಿಗೆ ಏನೂ ಇಲ್ಲ. ಸೌಮ್ಯ ಖಿನ್ನತೆಗೆ ಮೊದಲು ಮಾತಿನ ಚಿಕಿತ್ಸೆ ನೋಡಬಹುದು. ಊಟ, ನಿದ್ದೆ ಬಿಟ್ಟು ಕೂತವರಿಗೆ ಗುಳಿಗೆ ಬೇಕೇ ಬೇಕು.

ಆದ್ದರಿಂದ ಯಾಕೆ ತಗೊಳ್ಳಬೇಕು ಅನ್ನುವ ಪ್ರಶ್ನೆಯನ್ನು ನಿಮ್ಮ ಮನೆಯವರಿಗೇ ಕೇಳಿ. ಗುಳಿಗೆ ಬಂದ ಮೇಲೆ ಅವರು ಹಾಲಿನವನ ಜೊತೆ ಚೌಕಾಶಿ ಮಾಡಲು ಶುರು ಮಾಡಿದ್ದಾರಾ? ಮೊಮ್ಮಕ್ಕಳ ಫೋನಿಗೆ ತಾವೇ ಎದ್ದು ಹೋಗುತ್ತಾರಾ? ಹೌದಾದರೆ ಪತ್ರಿಕೆ ಓದಿ ನಿಲ್ಲಿಸಬೇಡಿ. ನಿಮ್ಮ ಪತ್ರದಲ್ಲಿ ನನಗೆ ಚಿಂತೆಯಾದದ್ದು ಬಿಪಿ ಗುಳಿಗೆ. ಅದು ಮೂತ್ರ ಹೆಚ್ಚಿಸುವ ಜಾತಿಯದ್ದಾದರೆ, ಈ ವಯಸ್ಸಿನಲ್ಲಿ ಎರಡೂ ಸೇರಿ ರಕ್ತದ ಸೋಡಿಯಂ ಇಳಿಸಬಹುದು. ಸುಸ್ತು, ಮಾತು ತಡವರಿಸುವುದು, ಜೋಲಿ ಹೊಡೆಯುವುದು ಕಂಡರೆ ತಡ ಮಾಡದೆ ತೋರಿಸಿ. ಏನೂ ಇಲ್ಲದಿದ್ದರೂ ಒಮ್ಮೆ ಸೋಡಿಯಂ ಪರೀಕ್ಷೆ ಮಾಡಿಸಿ. ಮಂಡಿ ನೋವಿಗೆ ಅಂತ ಡೈಕ್ಲೊಫೆನಾಕ್ ಥರದ ಗುಳಿಗೆ ತಾವೇ ತಂದು ನುಂಗುತ್ತಿದ್ದರೆ ಅದನ್ನೂ ಹೇಳಿ, ಎಸಿಟಲೋಪ್ರಾಮ್ ಜೊತೆ ಅದು ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ.

ಪ್ರಶ್ನೆ: ಮಗ 19, ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಕೋಚಿಂಗಿಗೆ ಹೋಗುತ್ತಾನೆ. ಖಿನ್ನತೆ ಅಂತ ಗುಳಿಗೆ ಶುರುವಾಗಿ ಒಂದು ವಾರ. ಈ ವಯಸ್ಸಿನವರಿಗೆ ಸಾಯುವ ವಿಚಾರ ಬರುತ್ತದೆ ಅಂತ ಗುಳಿಗೆ ಡಬ್ಬಿಯ ಚೀಟಿಯಲ್ಲೇ ಇದೆ. ನಿಲ್ಲಿಸಲಾ?
ಶಿಗ್ಗಾವಿ

ಉತ್ತರ: ನಿಲ್ಲಿಸಬೇಡಿ. ಹತ್ತಿರ ಇರಿ. ಆ ಎಚ್ಚರಿಕೆ ನಿಜವಾದದ್ದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು, ಹದಿಹರೆಯದವರ ಬಗ್ಗೆ ಅದನ್ನು ಹಾಕಿಸಿತು, 2007ರಲ್ಲಿ 24 ವರ್ಷದವರೆಗೆ ಹಿಗ್ಗಿಸಿತು. 18ರ ಒಳಗಿನವರ ಪ್ರಯೋಗಗಳಲ್ಲಿ ಸುಳ್ಳು ಗುಳಿಗೆ ತಗೊಂಡವರಲ್ಲಿ ನೂರಕ್ಕೆ ಇಬ್ಬರಿಗೆ ಇಂಥ ವಿಚಾರ ಅಥವಾ ನಡವಳಿಕೆ ಕಂಡಿತ್ತು, ಔಷಧ ತಗೊಂಡವರಲ್ಲಿ ನಾಲ್ವರಿಗೆ. ಆ ಪ್ರಯೋಗಗಳಲ್ಲಿ ಯಾರೂ ಸಾಯಲಿಲ್ಲ. ಚಿಕಿತ್ಸೆ ಇಲ್ಲದ ಖಿನ್ನತೆ ಮಾತ್ರ ಜೀವ ತೆಗೆಯುತ್ತದೆ, ಅದನ್ನು ಮರೆಯಬೇಡಿ.

ಮೊದಲ ಕೆಲವು ವಾರ ಮತ್ತು ಪ್ರಮಾಣ ಬದಲಿಸಿದಾಗ ಕಣ್ಣಿಡಬೇಕು. ಈಗ ಅವನು ರೂಮಿನಲ್ಲಿ ಒಬ್ಬನೇ ಇರುವುದು ಬೇಡ. ಊರಿಗೆ ಕರೆತನ್ನಿ, ಇಲ್ಲವೇ ಅವನ ಅವ್ವ ಹೋಗಿ ಜೊತೆಗಿರಲಿ. ಕೋಚಿಂಗ್ ಎಲ್ಲೂ ಓಡಿಹೋಗುವುದಿಲ್ಲ. ‘ಸಾಯೋ ವಿಚಾರ ಬರ್ತೈತೇನಪಾ’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ್ದು ತಲೆಗೆ ಹೊಕ್ಕೀತು ಅನ್ನುವುದು ತಪ್ಪು ತಿಳುವಳಿಕೆ. ಗುಳಿಗೆ ಪಟ್ಟಿ ನಿಮ್ಮ ಕೈಯಲ್ಲಿರಲಿ, ದಿನದ್ದು ದಿನಾ ಕೊಡಿ. ಊರಿಗೆ ಕರೆತರುವ ಮೊದಲು ಹೊಲಕ್ಕೆ ಹೊಡೆಯುವ ಎಣ್ಣೆ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿ, ಕೀಲಿ ಹಾಕಿ ಇಡಿ. ಇದನ್ನು ನಾಳೆಗೆ ಹಾಕಬೇಡಿ.

ಚಡಪಡಿಕೆ, ನಿದ್ದೆಗೇಡು, ಹೊಸದಾಗಿ ಸಿಟ್ಟು ಕಂಡರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ದಿನಗಟ್ಟಲೆ ವಿಪರೀತ ಹುರುಪು, ಮಾತು, ಖರ್ಚು ಇತ್ತಾ? ಅದನ್ನೂ ಹೇಳಿ. ಅಂಥವರಿಗೆ ಈ ಗುಳಿಗೆ ಒಂದನ್ನೇ ಕೊಡುವ ಹಾಗಿಲ್ಲ. ರಾತ್ರಿ ಹೊತ್ತು ದಾರಿ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ತಲೆಶೂಲೆಗೆ ಅಂತ ನರದ ಡಾಕ್ಟರ್ ಅಮಿಟ್ರಿಪ್ಟಿಲಿನ್ ಕೊಟ್ಟರು. ಮೆಡಿಕಲ್ ಶಾಪಿನ ಹುಡುಗ ಇದು ಡಿಪ್ರೆಶನ್ ಗುಳಿಗೆ ಅಂದ. ನನಗೆ ಮನಸ್ಸಿನ ರೋಗ ಇದೆಯಾ?
ನರಗುಂದ

ಉತ್ತರ: ಅದರಿಂದ ಹಾಗೆ ಹೇಳಲು ಬರುವುದಿಲ್ಲ. ಹಳೇ ಕಾಲದ ಖಿನ್ನತೆಯ ಔಷಧ ಅದು. ಸಣ್ಣ ಪ್ರಮಾಣದಲ್ಲಿ ಮೈಗ್ರೇನ್ ತಡೆಯಲು, ನರದ ನೋವಿಗೆ ಕೊಡುತ್ತಾರೆ. ರಾತ್ರಿ ತಗೊಳ್ಳಿ, ಬಾಯಿ ಒಣಗಬಹುದು, ತೂಕಡಿಕೆ ಬರಬಹುದು.

ಪ್ರಶ್ನೆ: ನನಗೂ ತೋರಿಸಬೇಕು ಅನ್ನಿಸುತ್ತದೆ. ಆದರೆ ನಮ್ಮ ಕಡೆ ಜಗಳಕ್ಕೆ ಬಿದ್ದರೆ ‘ನಿನ್ನ ಧಾರವಾಡಕ್ಕ ಕಳಸ್ತೀನಿ’ ಅಂತಾರೆ. ಅಲ್ಲಿ ಹೋದದ್ದು ಯಾರಿಗಾದರೂ ಗೊತ್ತಾದರೆ?
ಹಾವೇರಿ

ಉತ್ತರ: ಧಾರವಾಡದ ಮಾನಸಿಕ ಆಸ್ಪತ್ರೆ 1845ರಲ್ಲಿ ಶುರುವಾದದ್ದು, ಹಾಗಾಗಿ ಬೈಗುಳವೂ ಹಳೆಯದು. ಈಗ ಅದು ಡಿಮ್ಹಾನ್ಸ್. ತೋರಿಸಿಕೊಂಡು ಸಂಜೆ ಬಸ್ಸಿಗೆ ಊರಿಗೆ ಮರಳುವವರೇ ಅಲ್ಲಿ ಹೆಚ್ಚು. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಪೇಢೆ ತರಲು ಹೊರಟಿದ್ದೇನೆ ಅನ್ನಿ. ಸುಳ್ಳಾಗಬಾರದು ಅಂತ ಬರುವಾಗ ಪಾವು ಕಿಲೋ ತಗೊಂಡು ಬನ್ನಿ. ಅಷ್ಟು ದೂರ ಬೇಡವೆಂದರೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಕೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಹೋದವರ ವಿವರ ಬೇರೆಯವರಿಗೆ ಹೇಳುವ ಹಾಗಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ.

ಪ್ರಶ್ನೆ: ಬರೆಯಲು ನಾಚಿಕೆ. ವಯಸ್ಸು 35. ಗುಳಿಗೆಯಿಂದ ಮನಸ್ಸು ಸರಿಹೋಗಿದೆ, ಆದರೆ ಹೆಂಡತಿಯ ಜೊತೆ ಸೇರುವುದು ಮೊದಲಿನಂತಿಲ್ಲ. ಅದಕ್ಕೇ ವಾರದಲ್ಲಿ ಎರಡು ದಿನ ಗುಳಿಗೆ ಬಿಡುತ್ತೇನೆ.
ಗದಗ

ಉತ್ತರ: ಬರೆದದ್ದು ಒಳ್ಳೆಯದಾಯಿತು. ಬಾಯಿ ಬಿಟ್ಟು ಹೇಳದೆ ಸುಮ್ನೆ ಗುಳಿಗೆ ಬಿಟ್ಟವರಲ್ಲಿ ಈ ಕಾರಣದವರು ಬಹಳ ಜನ. ಆಸೆ ಕಡಿಮೆಯಾಗುವುದು, ತಡವಾಗುವುದು, ಆಗದೇ ಇರುವುದು ಎಲ್ಲವೂ ಸರ್ಟ್ರಾಲಿನ್, ಎಸಿಟಲೋಪ್ರಾಮ್, ಪರಾಕ್ಸೆಟಿನ್ ಗುಂಪಿನಲ್ಲಿ ಸಾಮಾನ್ಯ. ಹೆಂಗಸರಿಗೂ ಆಗುತ್ತದೆ, ಅವರು ಹೇಳುವುದು ಇನ್ನೂ ಕಡಿಮೆ. ವಾರಕ್ಕೆ ಎರಡು ದಿನ ಬಿಟ್ಟರೆ ಮೇಲಿನ ಟೀಚರ ತಲೆಸುತ್ತು ನಿಮಗೂ ಬರಬಹುದು, ರೋಗವೂ ಕೆದರಬಹುದು. ಪ್ರಮಾಣ ಇಳಿಸಬಹುದು. ಈ ತೊಂದರೆ ಕಡಿಮೆ ಇರುವ ಮಿರ್ಟಜಪಿನ್, ಬ್ಯುಪ್ರೊಪಿಯಾನ್ ಥರದ ಔಷಧಕ್ಕೆ ಬದಲಿಸಬಹುದು. ಸಕ್ಕರೆ ಕಾಯಿಲೆ ಇದೆಯಾ ಅಂತಲೂ ನೋಡಬೇಕು, ಎಲ್ಲದಕ್ಕೂ ಗುಳಿಗೆಯೇ ಕಾರಣ ಅನ್ನುವಂತಿಲ್ಲ. ಇದನ್ನೆಲ್ಲ ತೂಗಿ ನೋಡುವುದು ಡಾಕ್ಟರ ಕೆಲಸ, ಆದರೆ ನೀವು ಹೇಳಿದರೆ ತಾನೇ. ಬಾಯಲ್ಲಿ ಹೇಳಲಾಗದಿದ್ದರೆ ನನಗೆ ಬರೆದ ಈ ನಾಲ್ಕು ಸಾಲನ್ನೇ ಒಂದು ಚೀಟಿಯಲ್ಲಿ ಬರೆದು ಅವರ ಮುಂದಿಡಿ. ಹೆಂಡತಿಗೂ ಇವತ್ತೇ ಹೇಳಿ, ಇದು ಗುಳಿಗೆಯಿಂದ ಆಗಿರಬಹುದು ಅಂತ. ಪಾಪ, ಅವರು ಬೇರೆ ಏನೋ ಅಂದುಕೊಂಡಿರುತ್ತಾರೆ.